ಮನೆಯಲ್ಲಿ ಮಾಡಿದ ವೈನ್: ತಪ್ಪು ದ್ರಾಕ್ಷಿಯದೇ?

ಕಾಳುಮೆಣಸಿನ ದರ ಕೇಳಲು ಸಂಘದ ಕಚೇರಿಗೆ ದೂರವಾಣಿ ಮಾಡುವ ಸದಸ್ಯ ಬಂಧುಗಳು ಈಚೆಗೆ ಮಾತಿನ ಕೊನೆಗೆ ಇನ್ನೊಂದು ಪ್ರಶ್ನೆಯನ್ನೂ ಸೇರಿಸುತ್ತಿದ್ದಾರೆ: "ಮನೆಯಲ್ಲಿ ಮಾಡಿದ ವೈನ್ ಕುಡಿದರೆ ಆರೋಗ್ಯ ಕೆಡುತ್ತದಂತೆ, ಹೌದೇ?" ಈ ಪ್ರಶ್ನೆ ಸುಮ್ಮನೆ ಹುಟ್ಟಿದ್ದಲ್ಲ. ಕಳೆದ ಬೇಸಿಗೆಯಲ್ಲಿ ನಮ್ಮ ಸದಸ್ಯರೊಬ್ಬರ ಮನೆಯಲ್ಲಿ ಮದುವೆಯ ಹಿಂದಿನ ರಾತ್ರಿ ವೈನ್ ಕುಡಿದ ಏಳೆಂಟು ಮಂದಿ ಹಾಸಿಗೆ ಹಿಡಿದರು. ಮೂರ್ನಾಲ್ಕು ಜನ ಅಂಗಳದಲ್ಲೇ ವಾಂತಿ ಮಾಡಿಕೊಂಡರು. ಉಳಿದವರು ಬೆಳಗ್ಗೆ ತಲೆ ಎತ್ತಲಾರದೆ ಎದ್ದರು. ಒಬ್ಬರನ್ನು ಆಸ್ಪತ್ರೆಗೆ ಕರೆದೊಯ್ದು ಗ್ಲೂಕೋಸ್ ಏರಿಸಿ ಮಧ್ಯಾಹ್ನದ ಊಟದ ಹೊತ್ತಿಗೆ ವಾಪಸು ಕರೆತಂದರು. ಪ್ರಾಣಾಪಾಯ ಯಾರಿಗೂ ಆಗಲಿಲ್ಲ. ಆದರೆ ಸುದ್ದಿಗೆ ಕಾಲು ಬಂದು, ಒಂದು ವಾರದೊಳಗೆ ಅದು ಮೂರು ಹೋಬಳಿ ಸುತ್ತಿತು.

ಆ ವೈನಿಗೆ ಬಳಸಿದ ದ್ರಾಕ್ಷಿ ಸಾದಲಿಯದು. ಶಿಡ್ಲಘಟ್ಟ ತಾಲ್ಲೂಕಿನ ಸಾದಲಿ ಹೋಬಳಿಗೆ ಆ ಮನೆಯ ಹಿರಿಯ ಮಗಳನ್ನು ಕೊಟ್ಟಿದ್ದಾರೆ. ಬೀಗರದು ದ್ರಾಕ್ಷಿ ತೋಟ. ಆ ಸಂಬಂಧದಿಂದಲೇ ಮೂರು ವರ್ಷಗಳಿಂದ ಹಂಗಾಮಿನಲ್ಲಿ ಒಂದು ಗಾಡಿ ದ್ರಾಕ್ಷಿ ನಮ್ಮ ಸಂಘದ ಉಗ್ರಾಣಕ್ಕೆ ಬರುತ್ತಿದೆ. ದಲ್ಲಾಳಿ ಇಲ್ಲದೆ ಬೆಳೆದವರಿಗೆ ನಾಲ್ಕು ಕಾಸು ಹೆಚ್ಚು ಸಿಗುತ್ತದೆ, ನಮ್ಮವರಿಗೆ ನಾಲ್ಕು ಕಾಸು ಉಳಿಯುತ್ತದೆ. ಮದುವೆ ಮನೆಯ ಘಟನೆಯ ಮರುದಿನದಿಂದ "ಬಯಲುಸೀಮೆಯ ದ್ರಾಕ್ಷಿ ಔಷಧಿಯಲ್ಲೇ ಬೆಳೆಯುವುದು, ಅದು ಹಣ್ಣಲ್ಲ ವಿಷ" ಎಂಬ ಮಾತು ಎದ್ದಿತು. ಆಡಳಿತ ಮಂಡಳಿಯ ಸಭೆಯಲ್ಲಿ ನಿರ್ದೇಶಕರೊಬ್ಬರು, ಇನ್ನು ಮುಂದೆ ಆ ಗಾಡಿಯನ್ನು ತರಿಸುವುದೇ ಬೇಡವೆಂದು ಸೂಚಿಸಿದರು. ಸಭೆಯು ನಮಗೆ ವಿಚಾರಿಸಿ ವರದಿ ಕೊಡಲು ಹೇಳಿತು. ಆ ವರದಿಯ ತಿರುಳನ್ನೇ ಇಲ್ಲಿ ಸದಸ್ಯರ ಮುಂದಿಡುತ್ತಿದ್ದೇವೆ.

ಮೊದಲು ಕಾನೂನಿನ ಮಾತು ಹೇಳಿ ಮುಗಿಸುತ್ತೇವೆ. 1965ರ ಕರ್ನಾಟಕ ಅಬಕಾರಿ ಕಾಯಿದೆಯಂತೆ ಪರವಾನಗಿಯಿಲ್ಲದೆ ಮದ್ಯ ತಯಾರಿಸುವುದು, ಮಾರುವುದು ಅಪರಾಧ. ಕೊಡಗಿನ ಅಂಗಡಿಗಳಲ್ಲಿ ಪ್ರವಾಸಿಗರಿಗೆ 'ಹೋಮ್ ಮೇಡ್ ವೈನ್' ಎಂಬ ಚೀಟಿ ಅಂಟಿಸಿ ಮಾರುವ ಬಾಟಲಿಗಳನ್ನು ನೋಡಿ ಇದಕ್ಕೆಲ್ಲ ರಿಯಾಯಿತಿ ಇದೆಯೆಂದು ಯಾರೂ ತಿಳಿಯಬಾರದು. 2007ರಲ್ಲಿ ರಾಜ್ಯ ಸರ್ಕಾರ ದ್ರಾಕ್ಷಾರಸ ನೀತಿಯನ್ನು ತಂದದ್ದು ಪರವಾನಗಿ ಪಡೆದು ನಡೆಸುವ ಘಟಕಗಳಿಗಾಗಿ. ವೈನ್ ಮಾಡಿರೆಂದು ಪ್ರೋತ್ಸಾಹಿಸಲು ನಾವು ಇದನ್ನು ಬರೆಯುತ್ತಿಲ್ಲ. ಆದರೆ ಕ್ರಿಸ್‌ಮಸ್ಸಿಗೆ, ಹುತ್ತರಿಗೆ, ಮದುವೆ ಮುಂಜಿಗೆ ನಮ್ಮ ಕಡೆಯ ಅನೇಕ ಮನೆಗಳಲ್ಲಿ ಅಟ್ಟದ ಮೂಲೆಯ ಭರಣಿಯಲ್ಲಿ ಏನು ಇರುತ್ತದೆಂಬುದು ಎಲ್ಲರಿಗೂ ಗೊತ್ತು. ಗೊತ್ತಿದ್ದೂ ಗೊತ್ತಿಲ್ಲದಂತೆ ಇದ್ದರೆ ಕುಡಿದವರ ಹೊಟ್ಟೆನೋವು ಕಡಿಮೆಯಾಗುವುದಿಲ್ಲ.

ವೈನ್ ಕುಡಿದು ವಾಂತಿಯಾಯಿತೆಂದ ಕೂಡಲೆ ಹಿರಿಯರ ಮನಸ್ಸಿಗೆ ಬರುವುದು ಕಳ್ಳಭಟ್ಟಿ ದುರಂತಗಳು. 1981ರ ಜುಲೈ ತಿಂಗಳಲ್ಲಿ ಬೆಂಗಳೂರಿನಲ್ಲಿ 300ಕ್ಕೂ ಹೆಚ್ಚು ಮಂದಿ ವಿಷಮದ್ಯ ಕುಡಿದು ಸತ್ತರು. ಸರ್ಕಾರಿ ಸಾರಾಯಿ ನಿಷೇಧವಾದ ಮರುವರ್ಷ, ಅಂದರೆ 2008ರ ಮೇ ತಿಂಗಳಲ್ಲಿ ಬೆಂಗಳೂರು, ಕೋಲಾರದ ಕಡೆ ಹಾಗೂ ಗಡಿಯಾಚೆಯ ಕೃಷ್ಣಗಿರಿಯಲ್ಲಿ 150ಕ್ಕೂ ಹೆಚ್ಚು ಜೀವಗಳು ಹೋದವು. ಈ ಎರಡರಲ್ಲೂ ಕೊಂದದ್ದು ಮೆಥನಾಲ್, ಅಂದರೆ ಮಿಥೈಲ್ ಆಲ್ಕೋಹಾಲ್. ಬಣ್ಣ, ವಾರ್ನಿಷ್ ಮುಂತಾದ ಕೈಗಾರಿಕೆಗಳಿಗೆ ಬಳಸುವ ಈ ಸಾರವನ್ನು ಲಾಭದ ಆಸೆಗೆ ಯಾರೋ ಹೊರಗಿನಿಂದ ತಂದು ಬೆರೆಸಿದ್ದರು.

"ದ್ರಾಕ್ಷಿ ಹುಳಿತಾಗಲೂ ಮೆಥನಾಲ್ ಹುಟ್ಟುತ್ತದಂತಲ್ಲ?" ಎಂದು ಓದಿದ ಹುಡುಗರು ಕೇಳುತ್ತಾರೆ. ಹುಟ್ಟುತ್ತದೆ. ಹಣ್ಣಿನ ಸಿಪ್ಪೆಯಲ್ಲಿ ಪೆಕ್ಟಿನ್ ಎಂಬ ಅಂಟು ಇದೆ. ಹಣ್ಣಿನ ಜಾಮ್ ಗಟ್ಟಿಯಾಗುವುದು ಅದರಿಂದಲೇ. ಹುಳಿಯುವಾಗ ಅದು ಒಡೆದು ಅತ್ಯಲ್ಪ ಮೆಥನಾಲ್ ಬಿಡುತ್ತದೆ. ಅಂತರರಾಷ್ಟ್ರೀಯ ದ್ರಾಕ್ಷಿ ಮತ್ತು ವೈನ್ ಸಂಸ್ಥೆಯವರು ಕೆಂಪು ವೈನಿನಲ್ಲಿ ಲೀಟರಿಗೆ 400 ಮಿಲಿಗ್ರಾಮ್‌ವರೆಗೆ ಇರಬಹುದೆಂದು ಮಿತಿ ಹಾಕಿದ್ದಾರೆ. ಇದು ಲೀಟರಿಗೆ ಅರ್ಧ ಮಿಲಿ ಲೀಟರ್ ಆಯಿತು. ಕಣ್ಣು ಹೋಗಲು ಸುಮಾರು 10 ಮಿ.ಲೀ. ಶುದ್ಧ ಮೆಥನಾಲ್ ಸಾಕು ಎನ್ನುತ್ತಾರೆ. ಆ ಲೆಕ್ಕದಲ್ಲಿ ಮಿತಿಯ ತುದಿಯಲ್ಲಿರುವ ವೈನನ್ನೂ 20 ಲೀಟರ್ ಕುಡಿಯಬೇಕಾಗುತ್ತದೆ. ಅಷ್ಟು ಕುಡಿಯುವವನಿಗೆ ಮೆಥನಾಲ್ ತಲುಪುವ ಮೊದಲೇ ಬೇರೆ ಏನಾದರೂ ತಲುಪಿರುತ್ತದೆ. ಭಟ್ಟಿ ಇಳಿಸುವ ಮಾತು ಬೇರೆ. ಅಲ್ಲಿ ಕಾಯಿಸಿ ಸಾರವನ್ನು ಗಟ್ಟಿಮಾಡುತ್ತಾರೆ. ಅದನ್ನು ಮನೆಯಲ್ಲಿ ಯಾರೂ ಮಾಡಕೂಡದು. ಭರಣಿಯಲ್ಲಿ ಹುಳಿತ ದ್ರಾಕ್ಷಿರಸ ತನ್ನಷ್ಟಕ್ಕೆ ಕಳ್ಳಭಟ್ಟಿಯಾಗಿಬಿಡುವುದಿಲ್ಲ. ಅಂಗಡಿಯದೆಂದ ಮಾತ್ರಕ್ಕೆ ನಿರ್ಭಯವೆಂದೂ ಅಲ್ಲ. 1986ರಲ್ಲಿ ಇಟಲಿಯಲ್ಲಿ ವ್ಯಾಪಾರಿಗಳು ವೈನಿಗೆ ಮೆಥನಾಲ್ ಬೆರೆಸಿ ಮಾರಿದ್ದರಿಂದ ಇಪ್ಪತ್ತಕ್ಕೂ ಹೆಚ್ಚು ಮಂದಿ ಸತ್ತರು.

ಇನ್ನು ತಳಿಯ ಮೇಲಿನ ಆರೋಪ. ಸಾದಲಿಯಿಂದ ಬಂದದ್ದು 'ಬೆಂಗಳೂರು ನೀಲಿ'. ಬೆಂಗಳೂರು ಗ್ರಾಮಾಂತರ, ಚಿಕ್ಕಬಳ್ಳಾಪುರ, ಕೋಲಾರದ ಕಡೆ ತಲೆಮಾರುಗಳಿಂದ ಬೆಳೆಯುತ್ತಿರುವ, ಭೌಗೋಳಿಕ ಗುರುತೂ ಪಡೆದಿರುವ ತಳಿ. ದಪ್ಪ ಸಿಪ್ಪೆ, ಹಿಸುಕಿದರೆ ಗುಳುಕ್ಕನೆ ಹೊರಬರುವ ತಿರುಳು, ಮನೆಯೆಲ್ಲ ತುಂಬುವ ವಾಸನೆ. ಇದರಲ್ಲಿ ಅಮೆರಿಕದ ಕಾಡುದ್ರಾಕ್ಷಿಯಾದ ಲಬ್ರುಸ್ಕಾದ ರಕ್ತವಿದೆ. ಇಂಥ ತಳಿಗಳ ವೈನ್ ಕುಡಿದರೆ ಹುಚ್ಚು ಹಿಡಿಯುತ್ತದೆಂದು ಫ್ರಾನ್ಸಿನಲ್ಲಿ ಹಿಂದೆ ದೊಡ್ಡ ಗುಲ್ಲೆದ್ದಿತ್ತು. 1934-35ರಲ್ಲಿ ಅಲ್ಲಿನ ಸರ್ಕಾರ ಇಸಬೆಲ್ಲಾ ಮುಂತಾದ ಆರು ತಳಿಗಳನ್ನು ನಿಷೇಧಿಸಿಯೂ ಬಿಟ್ಟಿತು. ಆ ಕಾಲದಲ್ಲಿ ಅಲ್ಲಿ ವೈನ್ ಕೊಳ್ಳುವವರಿಲ್ಲದಷ್ಟು ಹೆಚ್ಚಾಗಿ ದರ ಬಿದ್ದುಹೋಗಿತ್ತೆಂಬುದನ್ನು ಇದರ ಜೊತೆಗಿಟ್ಟು ಓದಬೇಕು. ಈ ತಳಿಗಳಲ್ಲಿ ಮೆಥನಾಲ್ ಒಂದಿಷ್ಟು ಹೆಚ್ಚು ಹುಟ್ಟುವುದು ನಿಜ. ಹುಚ್ಚು ಹಿಡಿಸುವಷ್ಟು ಹುಟ್ಟುತ್ತದೆಂಬುದು ನಿಜವಲ್ಲ. ಬೆಳೆಯೊಂದರ ಮೇಲೆ ಅಪವಾದ ಹೊರಿಸುವುದು ಎಷ್ಟು ಸುಲಭ, ಅದನ್ನು ತೊಳೆದುಕೊಳ್ಳುವುದು ಎಷ್ಟು ಕಷ್ಟ ಎಂಬುದನ್ನು ಅಡಿಕೆ ಬೆಳೆಗಾರರಾದ ನಮಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ.

ಆದರೂ ಔಷಧಿಯ ಪ್ರಶ್ನೆ ಉಳಿಯುತ್ತದೆ. ಅದನ್ನು ಕಣ್ಣಾರೆ ನೋಡೋಣವೆಂದು ಸಂಘದ ಬೇರೆ ಕೆಲಸಕ್ಕೆ ಬೆಂಗಳೂರಿಗೆ ಹೋದಾಗ ನಾವು ಸಾದಲಿಗೂ ಹೋಗಿಬಂದೆವು. ನಮ್ಮ ಕಣ್ಣಿಗೆ ಅದು ಬೇರೆಯೇ ಲೋಕ. ನೂರಿಪ್ಪತ್ತು ಅಂಗುಲ ಮಳೆ ಸುರಿದರೆ ಕೊಳೆರೋಗವೆಂದು ಗೊಣಗುವವರು ನಾವು. ಅಲ್ಲಿಯವರು ಸಾವಿರ ಅಡಿ ಕೊರೆದ ಕೊಳವೆಬಾವಿಯ ಬಾಯಿಗೆ ಕಿವಿಯಿಟ್ಟು ಕುಳಿತವರು. ಕಲ್ಲುಕಂಬದ ಮೇಲೆ ತಂತಿ ಹೆಣೆದ ಚಪ್ಪರ, ಅದರ ನೆರಳಿನಲ್ಲಿ ತೂಗುವ ಗೊಂಚಲು, ಬೇಲಿಯ ಆಚೆ ಹಿಪ್ಪುನೇರಳೆ. ಮಾತು ಅರ್ಧ ಕನ್ನಡ, ಅರ್ಧ ತೆಲುಗು. ತೋಟದ ಯಜಮಾನರು ಕಾಫಿ ಕೊಟ್ಟು ಕೂರಿಸಿ ನೇರವಾಗಿ ಕೇಳಿದರು: "ಸ್ವಾಮೀ, ಅದೇ ಗಾಡೀಲಿ ಬಂದ ಹಣ್ಣು ನಿಮ್ಮೂರಲ್ಲಿ ಎಷ್ಟು ಮನೆ ಮಕ್ಕಳು ತಿಂದ್ರು? ಅವರ್ಗೇನಾದ್ರೂ ಆಯ್ತಾ? ಹಣ್ಣು ತಿಂದೋರ್ಗೆ ಆಗ್ದೆ ಇದ್ದದ್ದು ರಸ ಕುಡ್ದೋರ್ಗೇ ಹೆಂಗಾಯ್ತು?"

ಈ ಪ್ರಶ್ನೆಗೆ ನಮ್ಮಲ್ಲಿ ಉತ್ತರವಿರಲಿಲ್ಲ. ಊರಿಗೆ ಬಂದು ಉಗ್ರಾಣದ ಪುಸ್ತಕ ನೋಡಿದೆವು. ಆ ಗಾಡಿಯ ಪೆಟ್ಟಿಗೆಗಳನ್ನು ಐವತ್ತಕ್ಕೂ ಹೆಚ್ಚು ಮನೆಯವರು ಒಯ್ದಿದ್ದರು. ಹಣ್ಣು ತಿಂದು ಕೆಟ್ಟಿತೆಂದವರು ಒಬ್ಬರೂ ಇಲ್ಲ.

ಅವರು ಔಷಧಿ ಹೊಡೆಯುವುದಿಲ್ಲವೆಂದು ಹೇಳಲಿಲ್ಲ, ಹೇಳಿದ್ದರೆ ನಾವು ನಂಬುತ್ತಲೂ ಇರಲಿಲ್ಲ. ಹೊಡೆದ ದಿನ, ಔಷಧಿಯ ಹೆಸರು, ಕೊಯ್ಲಿಗೆ ಎಷ್ಟು ದಿನ ಮೊದಲು ನಿಲ್ಲಿಸಿದ್ದು ಎಂಬುದನ್ನೆಲ್ಲ ಬರೆದಿಟ್ಟ ಪುಸ್ತಕವನ್ನು ಮುಂದಿಟ್ಟರು. ಪುಸ್ತಕಕ್ಕಿಂತ ನಮಗೆ ಹೆಚ್ಚು ನಂಬಿಕೆ ತಂದದ್ದು ಬೇಲಿಯಾಚೆಯ ಹಿಪ್ಪುನೇರಳೆ. ಕೀಟನಾಶಕ ಗಾಳಿಗೆ ಹಾರಿ ಆ ಸೊಪ್ಪಿನ ಮೇಲೆ ಬಿದ್ದರೆ, ಅದನ್ನು ತಿಂದ ರೇಷ್ಮೆಹುಳುಗಳು ಸಾಯುತ್ತವೆ. ಪಕ್ಕದ ಮನೆಯವರ ತಿಂಗಳ ದುಡಿಮೆ ಹೋಗುತ್ತದೆ. ರೇಷ್ಮೆಯ ನಾಡಿನಲ್ಲಿ ದ್ರಾಕ್ಷಿ ಬೆಳೆಯುವವನು ಪಂಪು ಹೆಗಲಿಗೇರಿಸುವ ಮೊದಲು ಗಾಳಿ ನೋಡಲೇಬೇಕು.

ಹಣ್ಣಿನ ಮೇಲೆ ಬಿಳಿ ಪುಡಿಯಂತೆ ಕಾಣುವುದು ಔಷಧಿಯೇ ಎಂದು ಅನೇಕರು ಕೇಳುತ್ತಾರೆ. ದ್ರಾಕ್ಷಿಯ ಮೈಮೇಲೆ ಎಲ್ಲ ಕಡೆ ಒಂದೇ ಸಮನಾಗಿ ಕೂತಿರುವ ತೆಳು ಬಿಳುಪು ಹಣ್ಣು ತಾನೇ ಸುರಿಸಿಕೊಂಡ ಮೇಣ. ಬೆರಳಿನಿಂದ ಒರೆಸಿದರೆ ಕೆಳಗೆ ಕಪ್ಪು ಹೊಳೆಯುತ್ತದೆ. ನೀಲಿ ಮಿಶ್ರಿತ ಬಿಳಿ ಹನಿಗಳಾಗಿ, ಹಣ್ಣಿನ ಕೆಳತುದಿಯಲ್ಲಿ ಇಳಿದು ಒಣಗಿದಂತೆ ಕಂಡರೆ ಅದು ನಮಗೆಲ್ಲ ಪರಿಚಯವಿರುವ ವಸ್ತು: ಮೈಲುತುತ್ತು ಮತ್ತು ಸುಣ್ಣ. ನಾವು ಅಡಿಕೆ ಗೊನೆಗೆ ಹೊಡೆಯುವ ಬೋರ್ಡೋ ದ್ರಾವಣ ಹುಟ್ಟಿದ್ದೇ ದ್ರಾಕ್ಷಿ ತೋಟದಲ್ಲಿ. ಫ್ರಾನ್ಸಿನ ಬೋರ್ಡೋ ಸೀಮೆಯಲ್ಲಿ ದಾರಿಹೋಕರು ಹಣ್ಣು ಕದಿಯದಿರಲೆಂದು ರಸ್ತೆ ಪಕ್ಕದ ಬಳ್ಳಿಗಳಿಗೆ ವಿಷದಂತೆ ಕಾಣುವ ಈ ನೀಲಿ ನೀರನ್ನು ಎರಚುತ್ತಿದ್ದರಂತೆ. ಎರಚಿದ ಬಳ್ಳಿಗಳಿಗೆ ಬೂಜುರೋಗ ಬಾರದಿದ್ದುದನ್ನು 1882ರಲ್ಲಿ ಮಿಲಾರ್ಡೆ ಎಂಬ ಪ್ರಾಧ್ಯಾಪಕರು ಗಮನಿಸಿ, 1885ರಲ್ಲಿ ಲೋಕಕ್ಕೆ ತಿಳಿಸಿದರು. ಅದನ್ನೇ ಮೈಸೂರು ಸಂಸ್ಥಾನದ ವಿಜ್ಞಾನಿ ಲೆಸ್ಲಿ ಕೋಲ್ಮನ್ನರು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ನಮ್ಮ ಅಡಿಕೆಯ ಕೊಳೆರೋಗಕ್ಕೆ ತಂದುಕೊಟ್ಟರು. ಕಳ್ಳರನ್ನು ಹೆದರಿಸಲು ಹಚ್ಚಿದ್ದನ್ನು ನೋಡಿ ನೂರಮೂವತ್ತೈದು ವರ್ಷ ದಾಟಿದ ಮೇಲೂ ನಮ್ಮವರು ಹೆದರುತ್ತಿದ್ದಾರೆ! ಕೊಯ್ಲಿಗೆ ಸಾಕಷ್ಟು ಮೊದಲೇ ನಿಲ್ಲಿಸಿ, ಹಣ್ಣನ್ನು ಎರಡು ಮೂರು ನೀರಿನಲ್ಲಿ ತೊಳೆದರೆ ಅದರಿಂದ ವಾಂತಿಯಾಗುವಷ್ಟು ತಾಮ್ರ ಉಳಿಯುವುದಿಲ್ಲ. ತೊಳೆಯದೆ ಹಾಗೆಯೇ ಭರಣಿಗೆ ಸುರಿಯುವ ಸೋಮಾರಿಗಳ ಮಾತು ನಾವು ಆಡುವುದಿಲ್ಲ.

ತಾಮ್ರದ ಮಾತು ಬಂದದ್ದರಿಂದಲೇ ನಮಗೆ ಪಾತ್ರೆಯ ವಿಚಾರ ಹೊಳೆಯಿತು. ಮದುವೆ ಮನೆಗೆ ಮತ್ತೆ ಹೋಗಿ, ಅಂದು ಯಾರು ಯಾವಾಗ ಯಾವುದರಿಂದ ಕುಡಿದರೆಂದು ಒಬ್ಬೊಬ್ಬರನ್ನೇ ಕೇಳಿದೆವು. ಒಂದು ಗಂಟೆಯೊಳಗೆ ವಾಂತಿ ಮಾಡಿದವರೆಲ್ಲ ಮೊದಲ ಪಂಕ್ತಿಯವರು. ಅವರಿಗೆ ಬಡಿಸಿದ್ದು ಹಂಡೆಯಿಂದ. ಒಬ್ಬರು, "ಬಾಯಿಗೆ ಕಬ್ಬಿಣ ನೆಕ್ಕಿದ ಹಾಗಾಯ್ತು, ಲವಂಗ ಜಾಸ್ತಿ ಹಾಕಿದ್ದಾರೆ ಅಂದ್ಕೊಂಡೆ" ಎಂದರು. ಹಂಡೆ ಖಾಲಿಯಾದ ಮೇಲೆ ಬಂದವರಿಗೆ ಭರಣಿಯಿಂದ ನೇರವಾಗಿ ಗಾಜಿನ ಬಾಟಲಿಗೆ ತುಂಬಿದ್ದನ್ನು ಕೊಟ್ಟರು. ಅವರಲ್ಲಿ ವಾಂತಿ ಮಾಡಿದವರಿಲ್ಲ. ಬೆಳಗಿನ ತಲೆನೋವು ಮಾತ್ರ. ಅದೇ ಭರಣಿಯ ಎರಡು ಬಾಟಲಿ ಪಕ್ಕದ ಮನೆಗೂ ಹೋಗಿದ್ದವು, ಅಲ್ಲಿ ಯಾರಿಗೂ ಏನೂ ಆಗಿರಲಿಲ್ಲ.

ಹಂಡೆ ಎಲ್ಲಿಯದೆಂದು ಮನೆಯಾಕೆಯನ್ನು ಕೇಳಿದೆವು. "ಅಣ್ಣಯ್ಯ, ಮದುವೆ ಮನೆ ಅಂದ ಮೇಲೆ ಪಾತ್ರೆ ಎಲ್ಲಿ ಸಾಕಾಗ್ತದೆ? ಅಟ್ಟದ ಮೇಲಿಂದ ಅತ್ತೆ ಕಾಲದ ಹಿತ್ತಾಳೆ ಹಂಡೆ ಇಳಿಸಿ, ಬೆಳಗ್ಗೆಯೇ ಸೋಸಿ ಇಟ್ಟಿದ್ವಿ" ಎಂದರು. ಹಂಡೆಯನ್ನು ಬೆಳಕಿಗೆ ತಂದು ಒಳಗೆ ನೋಡಿದೆವು. ಕಲಾಯಿ ಹೋಗಿ ಎಷ್ಟೋ ವರ್ಷವಾಗಿದೆ. ಮೇಲಿನ ಕಾಲು ಭಾಗ ಕಪ್ಪಾಗಿ ಮಂಕಾಗಿದೆ. ಒಂದು ಗೆರೆಯಿಂದ ಕೆಳಗೆ ಹುಣಸೆಹಣ್ಣು ಹಾಕಿ ತಿಕ್ಕಿದಂತೆ ಫಳಫಳ ಹೊಳೆಯುತ್ತಿದೆ. ಯಾರೂ ತಿಕ್ಕಿರಲಿಲ್ಲ. ತಿಕ್ಕಿದ್ದು ವೈನು.

ಹಿತ್ತಾಳೆಯೆಂದರೆ ತಾಮ್ರ ಮತ್ತು ಸತು. ಹುಳಿ ಪದಾರ್ಥ ಅವೆರಡನ್ನೂ ಕರಗಿಸಿಕೊಳ್ಳುತ್ತದೆ, ಎರಡೂ ಹೊಟ್ಟೆಗೆ ಹೋದರೆ ಬೇಗನೆ ವಾಂತಿ ತರಿಸುತ್ತವೆ. ಕಲಾಯಿ ಇಲ್ಲದ ಹಿತ್ತಾಳೆಯಲ್ಲಿ ಮಜ್ಜಿಗೆ ಹುಳಿ ಇಡಬಾರದೆಂದು ನಮ್ಮ ತಾಯಂದಿರಿಗೆ ಯಾವ ವಿಜ್ಞಾನಿಯೂ ಹೇಳಿಕೊಟ್ಟಿರಲಿಲ್ಲ. ಆದರೆ ವೈನು ಸಿಹಿಯಾಗಿ ಇರುವುದರಿಂದ ಅದೂ ಹುಳಿಯೇ ಎಂಬುದು ಯಾರಿಗೂ ನೆನಪಾಗುವುದಿಲ್ಲ. ದ್ರಾಕ್ಷಿಯ ವೈನಿನ ಹುಳಿ ಮಜ್ಜಿಗೆಗಿಂತ ಹೆಚ್ಚೇ. ಸಕ್ಕರೆ ಅದನ್ನು ಮುಚ್ಚಿಡುತ್ತದೆ ಅಷ್ಟೆ. ಹನ್ನೆರಡು ಗಂಟೆ ಹಂಡೆಯಲ್ಲಿ ನಿಂತದ್ದು ಏನು ಮಾಡಬೇಕೋ ಅದನ್ನು ಮಾಡಿತು. ಇಂಥದು ನಮ್ಮಲ್ಲಷ್ಟೇ ಅಲ್ಲ. ಹದಿನೆಂಟನೆಯ ಶತಮಾನದಲ್ಲಿ ಇಂಗ್ಲೆಂಡಿನ ಡೆವನ್ ಸೀಮೆಯ ಜನ ಸೇಬಿನ ಮದ್ಯ ಕುಡಿದು ಹೊಟ್ಟೆಯ ಸೆಳೆತದಿಂದ ನರಳುತ್ತಿದ್ದರು; ಸೇಬಿನ ಹುಳಿಯೇ ಕಾರಣವೆಂದು ಎಲ್ಲರೂ ನಂಬಿದ್ದರು. 1767ರಲ್ಲಿ ಜಾರ್ಜ್ ಬೇಕರ್ ಎಂಬ ವೈದ್ಯರು ರಸ ಹಿಂಡುವ ಗಾಣಕ್ಕೆ ಬಳಸಿದ್ದ ಸೀಸವೇ ಕಾರಣವೆಂದು ತೋರಿಸಿದರು. ಅಲ್ಲಿ ಸೇಬು, ಇಲ್ಲಿ ದ್ರಾಕ್ಷಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವ ಗಾದೆ ಎಲ್ಲ ದೇಶಕ್ಕೂ ಸಲ್ಲುತ್ತದೆ.

ಉಳಿದ ವೈನನ್ನು ಹೆದರಿ ಆ ಬೆಳಗ್ಗೆಯೇ ತೋಟಕ್ಕೆ ಚೆಲ್ಲಿದ್ದರಿಂದ ಪರೀಕ್ಷೆಗೆ ಕಳಿಸಲು ಏನೂ ಇರಲಿಲ್ಲ. ಆದರೂ ಯಾರು ಎಲ್ಲಿಂದ ಕುಡಿದರು, ಎಷ್ಟು ಹೊತ್ತಿಗೆ ವಾಂತಿಯಾಯಿತು, ಹಂಡೆ ಹೇಗಿದೆ ಎಂಬ ಮೂರನ್ನೂ ಕೂಡಿಸಿದರೆ ನಮಗೆ ಬೇರೆ ಕಾರಣ ಕಾಣುವುದಿಲ್ಲ.

ಹಾಗಾದರೆ ಎರಡನೆಯ ಪಂಕ್ತಿಯವರ ತಲೆನೋವು? ಅದಕ್ಕೆ ಲೋಟವನ್ನು ಹಿಡಿಯಬೇಕು. ನಮ್ಮ ಕಡೆ ಒಂದು ಕಿಲೋ ಹಣ್ಣಿಗೆ ಒಂದು ಕಿಲೋ ಸಕ್ಕರೆ, ಒಂದೂವರೆ ಲೀಟರ್ ನೀರು, ಒಂದು ಹಿಡಿ ಗೋಧಿ, ಯೀಸ್ಟ್, ಚಕ್ಕೆ ಲವಂಗ ಎಂಬ ಲೆಕ್ಕ ಮನೆಯಿಂದ ಮನೆಗೆ ಬಂದಿದೆ. ಬೆಂಗಳೂರು ನೀಲಿಯಲ್ಲಿ ತನ್ನದೇ ಸಕ್ಕರೆ ಶೇಕಡಾ 16ರಿಂದ 18ರಷ್ಟಿರುತ್ತದೆ. ಅದೊಂದೇ ಹುಳಿತರೆ ಮದ್ಯಸಾರ ಶೇಕಡಾ 9ರ ಆಸುಪಾಸು. ಮೇಲಿನಿಂದ ಹಾಕಿದ ಸಕ್ಕರೆ ಲೀಟರಿಗೆ 17 ಗ್ರಾಮಿಗೊಂದರಂತೆ ಶೇಕಡಾವಾರನ್ನು ಏರಿಸುತ್ತ ಹೋಗುತ್ತದೆ. ಸುಮಾರು 14ಕ್ಕೆ ಬಂದಾಗ ಯೀಸ್ಟ್ ತಾನೇ ಸೋತು ಬೀಳುತ್ತದೆ, ಮಿಕ್ಕ ಸಕ್ಕರೆ ಸಿಹಿಯಾಗಿ ಉಳಿಯುತ್ತದೆ. ಕುಡಿಯುವವನಿಗೆ ಪಾನಕದಂತಿರುತ್ತದೆ. 200 ಮಿ.ಲೀ. ಹಿಡಿಯುವ ಸ್ಟೀಲ್ ಲೋಟದಲ್ಲಿ ಅದನ್ನು ತುಂಬಿ ಕೊಟ್ಟರೆ ಒಳಗಿರುವ ಮದ್ಯಸಾರ 28 ಮಿ.ಲೀ. ಅಂಗಡಿಯ ವಿಸ್ಕಿಯ ಒಂದು ಸಣ್ಣ ಪೆಗ್ಗಿನಲ್ಲಿ 13 ಮಿ.ಲೀ. ಕೂಡ ಇರುವುದಿಲ್ಲ. ಮೂರು ಲೋಟ ಕುಡಿದವನು ಆರೂವರೆ ಪೆಗ್ ಹಾಕಿದಂತಾಯಿತು. ಯಕೃತ್ತು ಗಂಟೆಗೆ ಸುಮಾರು 10 ಮಿ.ಲೀ. ಮಾತ್ರ ಕರಗಿಸಬಲ್ಲದು, ರಾತ್ರಿ ಹತ್ತಕ್ಕೆ ಮಲಗಿದವನ ರಕ್ತದಲ್ಲಿ ಬೆಳಗಿನ ಆರಕ್ಕೂ ಮಿಕ್ಕಿರುತ್ತದೆ. "ನಾನು ಕುಡಿಯುವವನಲ್ಲ, ಮನೆ ವೈನ್ ತಾನೇ ಅಂತ ಮೂರು ಲೋಟ ತಗೊಂಡೆ" ಎಂದವರು ಒಬ್ಬರಲ್ಲ, ನಾಲ್ವರು. ವಿಸ್ಕಿಯನ್ನು ಯಾರೂ ಸ್ಟೀಲ್ ಲೋಟದಲ್ಲಿ ತುಂಬಿಸಿಕೊಳ್ಳುವುದಿಲ್ಲ. ಮನೆ ವೈನಿನಿಂದ ಬರುವ ಕಾಯಿಲೆಗಳಲ್ಲಿ ಹೆಚ್ಚಿನವು ಮದ್ಯಸಾರದಿಂದಲೇ ಬರುವಂಥವು, ಬೇರೆ ಹೆಸರು ಹುಡುಕಬೇಕಾಗಿಲ್ಲ ಎಂಬುದು ನಮ್ಮ ಅಭಿಪ್ರಾಯ.

ಅಂದು ಒಬ್ಬ ಬೆಂಗಳೂರಿನ ನೆಂಟರು ಮೈಯೆಲ್ಲ ಬೆವರಿ, ತಲೆ ತಿರುಗಿ ಕುಳಿತುಬಿಟ್ಟರೆಂದು ಹೇಳಿದರು. ವಿಚಾರಿಸಿದರೆ ಅವರು ವೈನನ್ನು ಮುಟ್ಟಿರಲಿಲ್ಲ. ಊಟದ ಮೇಲೆ ಎಲೆಯೊಂದಿಗೆ ಹಸಿ ಅಡಿಕೆ ಹಾಕಿದ್ದರು. ಸೊಕ್ಕಿತ್ತು, ಅಷ್ಟೆ. ಆದರೆ ಊರ ಲೆಕ್ಕದಲ್ಲಿ ಅವರೂ ದ್ರಾಕ್ಷಿಯ ಖಾತೆಗೇ ಸೇರಿದ್ದರು.

ಇನ್ನುಳಿದ ಕಾರಣಗಳೂ ಇವೆ. ಇಪ್ಪತ್ತೊಂದು ದಿನವಾಯಿತೆಂದು ಪಂಚಾಂಗ ನೋಡಿ ಸೋಸುವವರು, ಗುಳ್ಳೆ ನಿಂತಿದೆಯೇ ಎಂದು ಭರಣಿಯನ್ನು ನೋಡುವುದಿಲ್ಲ. ಇನ್ನೂ ಕೆಲಸ ಮಾಡುತ್ತಿರುವ ಯೀಸ್ಟನ್ನು ಕುಡಿದರೆ ಹೊಟ್ಟೆ ಉಬ್ಬರಿಸಿ ಭೇದಿಯಾಗುತ್ತದೆ. ಅದನ್ನೇ ಬಿಗಿಯಾಗಿ ಮುಚ್ಚಿದ ಬಾಟಲಿ ಸಿಡಿದು ಗಾಜು ಕಣ್ಣಿಗೆ ಹಾರುತ್ತದೆ. ಸ್ಕ್ವಾಷಿಗೆ ಹಾಕುವ ಕೆ.ಎಂ.ಎಸ್. ಪುಡಿಯನ್ನು ವೈನಿಗೂ ಅಂದಾಜಿನಲ್ಲಿ ಉದುರಿಸುವವರಿದ್ದಾರೆ. ಅದರ ಗಂಧಕದ ಹೊಗೆ ದಮ್ಮಿನವರಿಗೆ ಆಗದು. ಕೆಂಪು ವೈನಿನ ಒಂದು ಗುಟುಕಿಗೇ ಮುಖ ಕೆಂಪಾಗಿ ತಲೆ ಸಿಡಿಯುವವರೂ ಕೆಲವರುಂಟು. ಅವರು ಕುಡಿಯದಿರುವುದೇ ಲೇಸು.

ಕೊಳೆತ, ಬೂಷ್ಟು ಹಿಡಿದ ಹಣ್ಣನ್ನು "ಹೇಗೂ ಹುಳಿಯುವುದೇ ತಾನೆ" ಎಂದು ಸೇರಿಸುವುದು ಮತ್ತೊಂದು ಕೆಟ್ಟ ಚಾಳಿ. ಕಣದಲ್ಲಿ ಮಳೆಗೆ ಸಿಕ್ಕಿ ಬೂಷ್ಟು ಬಂದ ಕಾಫಿ ಹಣ್ಣಿನಲ್ಲಿ ಆಕ್ರಾಟಾಕ್ಸಿನ್ ಎಂಬ ವಿಷ ಸೇರುತ್ತದೆಂದು, ಹೊರದೇಶದ ಖರೀದಿದಾರರು ಅದಕ್ಕೆ ಮಿತಿ ಇಟ್ಟಿದ್ದಾರೆಂದು ನಾವು ಇದೇ ಪತ್ರಿಕೆಯಲ್ಲಿ ಎಷ್ಟು ಸಲ ಬರೆದಿಲ್ಲ! ಅದೇ ಜಾತಿಯ ಬೂಷ್ಟು ದ್ರಾಕ್ಷಿಯಲ್ಲೂ ಬರುತ್ತದೆ, ಅದೇ ವಿಷ ಬಿಡುತ್ತದೆ. ಅಂದೇ ವಾಂತಿಯಾಗುವುದಿಲ್ಲ, ವರ್ಷಗಟ್ಟಲೆ ಸೇರಿದರೆ ಮೂತ್ರಪಿಂಡಕ್ಕೆ ಕೆಡುಕು.

ದ್ರಾಕ್ಷಿಯನ್ನು ಬಿಟ್ಟು ವೀಳ್ಯದೆಲೆ, ಶುಂಠಿ, ಬೀಟ್‌ರೂಟು, ಗಾಂಧಾರಿ ಮೆಣಸು ಎಂದೆಲ್ಲ ಹೊಸ ಹೊಸ ವೈನ್ ಮಾಡುವ ಉಮೇದು ಈಗ ಹೆಚ್ಚಾಗಿದೆ. ಇಲ್ಲಿ ಒಂದು ಎಚ್ಚರಿಕೆ ಬೇಕು. ದ್ರಾಕ್ಷಿಯನ್ನು ಕಾಯುವುದು ಅದರ ಹುಳಿ. ರೋಗ ತರುವ ಬ್ಯಾಕ್ಟೀರಿಯಗಳು ಅಷ್ಟು ಹುಳಿಯಲ್ಲಿ ಬೆಳೆಯಲಾರವು. ಎಲೆಗೆ, ಗೆಡ್ಡೆಗೆ ಆ ಹುಳಿಯಿಲ್ಲ. 2011ರಲ್ಲಿ ಅಮೆರಿಕದ ಯೂಟಾ ಸಂಸ್ಥಾನದ ಸೆರೆಮನೆಯಲ್ಲಿ ಕೈದಿಗಳು ಬೇಯಿಸಿದ ಆಲೂಗಡ್ಡೆ ಹಾಕಿ ಕದ್ದು ಮಾಡಿದ ಮದ್ಯ ಕುಡಿದು ಎಂಟು ಮಂದಿಗೆ ಬಾಟುಲಿಸಮ್ ಎಂಬ ನರ ಕುಸಿಯುವ ಕಾಯಿಲೆ ಬಂತು. ಹೊಸದು ಮಾಡುವವರು ನಿಂಬೆಹಣ್ಣಿನ ಹುಳಿಯನ್ನು ಮೊದಲ ದಿನವೇ ಧಾರಾಳವಾಗಿ ಹಾಕಬೇಕು, ಗೆಡ್ಡೆಗಳ ತಂಟೆಗೆ ಹೋಗಲೇಬಾರದು.

ಪಾತ್ರೆಯ ವಿಷಯಕ್ಕೆ ಇನ್ನೊಂದು ಸೇರಿಸಬೇಕು. ತೋಟದ ಮನೆಗಳಲ್ಲಿ ಔಷಧಿಯ ಖಾಲಿ ಪ್ಲಾಸ್ಟಿಕ್ ಕ್ಯಾನುಗಳಿಗೆ ಬರವಿಲ್ಲ. ಎಷ್ಟು ತೊಳೆದರೂ ಅವು ಔಷಧಿಯ ಕ್ಯಾನುಗಳೇ. ವೈನಿಗಿರಲಿ, ಸೀಮೆಎಣ್ಣೆಗೂ ಬಳಸಬೇಡಿ. ತೂತು ಮಾಡಿ ಬಿಸಾಡಿ. ಗಾಜು, ಒಳ್ಳೆಯ ಪಿಂಗಾಣಿ ಭರಣಿ, ಸ್ಟೇನ್‌ಲೆಸ್ ಸ್ಟೀಲ್ ಇವಿಷ್ಟೇ ಸಾಕು. ಸತು ಹೊದಿಸಿದ ತಗಡಿನ ಬಕೆಟ್ಟೂ ಹಿತ್ತಾಳೆಯ ತಮ್ಮನೇ.

ಸಿಹಿಯಾಗಿದೆಯೆಂದು ಮಕ್ಕಳ ಬಾಯಿಗೆ ಒಂದು ಚಮಚ, ಶೀತವೆಂದು ಬಾಣಂತಿಗೆ ಅರ್ಧ ಲೋಟ ಕೊಡುವ ಪದ್ಧತಿ ಕೆಲವೆಡೆ ಇನ್ನೂ ಉಳಿದಿದೆ. ತಾಯಿ ಕುಡಿದದ್ದು ಹಾಲಿನಲ್ಲಿ ಮಗುವಿಗೆ ಹೋಗುತ್ತದೆ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ತೆಗೆದುಕೊಳ್ಳುವವರಿಗೆ, ನಿದ್ದೆಮಾತ್ರೆಯವರಿಗೆ, ಆಮಶಂಕೆಗೆ ಮೆಟ್ರೊನಿಡಜೋಲ್ ನುಂಗುತ್ತಿರುವವರಿಗೆ ಮನೆಯ ವೈನೂ ಮದ್ಯವೇ. ಡಾಕ್ಟರನ್ನು ಕೇಳದೆ ಕೊಡಬಾರದು.

ಯಾವ ಕಾಯಿಲೆಗೆ ಕಾಯಬಹುದು, ಯಾವುದಕ್ಕೆ ಓಡಬೇಕು ಎಂಬುದು ತಿಳಿದಿರಲಿ. ತಲೆನೋವು, ಒಂದೆರಡು ವಾಂತಿ, ಬಾಯಾರಿಕೆ ಇದ್ದು ದಿನ ಕಳೆದಂತೆ ಇಳಿಯುತ್ತಿದ್ದರೆ ನೀರು, ಗಂಜಿ, ವಿಶ್ರಾಂತಿ ಸಾಕು. ಕುಡಿದ ಅಮಲು ಇಳಿದ ಮೇಲೆ, ಅರ್ಧ ದಿನ ಅಥವಾ ಒಂದು ದಿನ ಕಳೆದು, ಕಣ್ಣು ಮಂಜಾದರೆ, ಮಂಜು ಬಿದ್ದ ಬೆಳಗಿನಂತೆ ಎಲ್ಲ ಬೆಳ್ಳಗೆ ಕಂಡರೆ, ಹೊಟ್ಟೆ ತೀವ್ರವಾಗಿ ನೋಯ್ದು ಉಸಿರು ಏದುಸಿರಾದರೆ ಅದು ಮೆಥನಾಲ್. ನಾಲಗೆ ತೊದಲಿ, ರೆಪ್ಪೆ ಜೋತುಬಿದ್ದು, ನುಂಗಲಾಗದಿದ್ದರೆ ಬಾಟುಲಿಸಮ್. ಎಬ್ಬಿಸಿದರೂ ಏಳದವನನ್ನು "ಮಲಗಲಿ ಬಿಡಿ" ಎಂದು ಬಿಡಬಾರದು. ಮಗ್ಗುಲಿಗೆ ಮಲಗಿಸಿ ಗಾಡಿ ತರಿಸಬೇಕು. ಈ ಮೂರರಲ್ಲೂ ತಾಲ್ಲೂಕು ಆಸ್ಪತ್ರೆಗೆ ಹೋಗಲು ಬೆಳಗಾಗುವವರೆಗೆ ಕಾಯಬೇಡಿ. ಏನು ಕುಡಿದರೆಂಬುದನ್ನು ಅಬಕಾರಿಗೆ ಹೆದರಿ ಡಾಕ್ಟರ ಹತ್ತಿರ ಮುಚ್ಚಿಡಬೇಡಿ, ಉಳಿದ ಬಾಟಲಿಯನ್ನೂ ಜೊತೆಗೇ ಒಯ್ಯಿರಿ. ಮೆಥನಾಲಿಗೆ ಮದ್ದಿದೆ, ಆದರೆ ಹೊತ್ತಿಗೆ ಸಿಗಬೇಕು.

ನಮ್ಮ ವರದಿಯನ್ನು ಆಡಳಿತ ಮಂಡಳಿಯು ಸ್ವೀಕರಿಸಿತು. ಗಾಡಿ ಬೇಡವೆಂದಿದ್ದ ನಿರ್ದೇಶಕರೇ, ತೋಟದ ಔಷಧಿ ಪುಸ್ತಕದ ಒಂದು ಪ್ರತಿಯನ್ನು ಗಾಡಿಯ ಜೊತೆ ಕಳಿಸಲಿ, ನಮ್ಮ ಕಾಫಿಗೆ ಹೊರದೇಶದವರು ಕೇಳುವುದನ್ನು ನಾವೂ ಒಮ್ಮೆ ಕೇಳಿ ನೋಡೋಣ ಎಂದು ಸೂಚಿಸಿದರು. ಸಾದಲಿಯವರು ಅದಕ್ಕೆ ಒಪ್ಪಿ, ಈ ಸಲ ಮಗಳ ಮನೆಯ ಲೆಕ್ಕದಲ್ಲಿ ಎರಡು ಪೆಟ್ಟಿಗೆ ಹೆಚ್ಚೇ ಕಳಿಸುತ್ತೇವೆಂದು ತಿಳಿಸಿದ್ದಾರೆ. ಮದುವೆ ಮನೆಯವರು ಹಂಡೆಗೆ ಕಲಾಯಿ ಹಾಕಿಸಲು ಕಲಾಯಿಯವರನ್ನು ಹುಡುಕುತ್ತಿದ್ದಾರೆ. ನಮ್ಮ ಕಡೆ ಈಗ ಆ ಕೆಲಸ ಬಲ್ಲವರು ಸಿಗುವುದೇ ಕಷ್ಟವಾಗಿದೆ, ಯಾರಿಗಾದರೂ ಗೊತ್ತಿದ್ದರೆ ಕಚೇರಿಗೆ ತಿಳಿಸಿರಿ. ದ್ರಾಕ್ಷಿ ಬೇಕಾದ ಸದಸ್ಯರು ಉಗ್ರಾಣದ ಪುಸ್ತಕದಲ್ಲಿ ಹೆಸರು ಬರೆಸಬೇಕು. ಕಳೆದ ವರ್ಷದ ಖಾಲಿ ಪೆಟ್ಟಿಗೆಗಳನ್ನು ಇನ್ನೂ ವಾಪಸು ಮಾಡದವರು ಗಾಡಿ ಬರುವ ಮೊದಲು ತಂದುಕೊಡಬೇಕಾಗಿ ವಿನಂತಿ.